ಹಳೆಯ ಸ್ಪೋರ್ಟ್ಸ್ ಕಾರಿನ ವೀಲ್ ಅಲೈನ್‌ಮೆಂಟ್: ಕೋನ ತಿದ್ದುವ ಮುನ್ನ ಮಾಡಬೇಕಾದ ಕೆಲಸ

ಚಕ್ರಗಳ ಕೋನಗಳನ್ನು ಅಳೆಯುವ ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿ ಕಂಡ ಹಳೆಯ ಸ್ಪೋರ್ಟ್ಸ್ ಕಾರು ರಸ್ತೆಗೆ ಇಳಿದ ಕೂಡಲೇ ಒಂದು ಬದಿಗೆ ಎಳೆಯುವುದು ಅಪರೂಪವೇನಲ್ಲ. ಯಂತ್ರ ಸುಳ್ಳು ಹೇಳಿರುವುದಿಲ್ಲ; ಅದು ಅಳೆದದ್ದು ನಿಂತಿರುವ ಕಾರನ್ನು. ಚಕ್ರವನ್ನು ಹಿಡಿದ ತೋಳುಗಳ ಕೀಲಿನಲ್ಲಿರುವ, ದಶಕಗಳಷ್ಟು ಹಳೆಯದಾದ ರಬ್ಬರ್ ಬುಶ್‌ಗಳು ಬ್ರೇಕ್ ಒತ್ತಿದಾಗ ಒಂದು ದಿಕ್ಕಿಗೂ ಆಕ್ಸಿಲರೇಟರ್ ಒತ್ತಿದಾಗ ಇನ್ನೊಂದು ದಿಕ್ಕಿಗೂ ಸರಿಯುವ ಕಾರಿನಲ್ಲಿ, ನಿಂತಾಗಿನ ಕೋನಕ್ಕೂ ಓಡುವಾಗಿನ ಕೋನಕ್ಕೂ ಹೆಚ್ಚು ಸಂಬಂಧ ಉಳಿದಿರುವುದಿಲ್ಲ. ಆದ್ದರಿಂದ ಇಂಥ ಕಾರಿನಲ್ಲಿ ಕೋನಗಳನ್ನು ತಿದ್ದುವುದು ಕೆಲಸದ ಕೊನೆಯ ಭಾಗ. ಅದಕ್ಕೆ ಮೊದಲು ಸಡಿಲವಾದದ್ದನ್ನು ಬಿಗಿಗೊಳಿಸಬೇಕು, ಸವೆದದ್ದನ್ನು ಬದಲಿಸಬೇಕು, ಕಾರು ತನ್ನ ಸರಿಯಾದ ಎತ್ತರದಲ್ಲಿ ನಿಂತಿದೆಯೇ ಎಂದು ನೋಡಬೇಕು. ಈ ಅನುಕ್ರಮವನ್ನು ತಲೆಕೆಳಗು ಮಾಡಿದವರು ಒಂದೇ ಕೆಲಸಕ್ಕೆ ಎರಡೆರಡು ಬಾರಿ ಹಣ ಕೊಡುತ್ತಾರೆ.

ಮೊದಲು ಕೋನಗಳ ಪರಿಚಯ ಮಾಡಿಕೊಳ್ಳೋಣ. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೆ ವಾಲಿದ್ದರೆ ಅದು ಋಣ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್. ತಿರುವಿನಲ್ಲಿ ಕಾರು ಹೊರಬದಿಗೆ ವಾಲಿದಾಗ ಹೊರಗಿನ ಟೈರ್ ನೆಲವನ್ನು ಪೂರ್ತಿ ಅಗಲದಲ್ಲಿ ಹಿಡಿಯಬೇಕಾದರೆ ಮೊದಲೇ ಸ್ವಲ್ಪ ಋಣ ಕ್ಯಾಂಬರ್ ಇರಬೇಕು. ಚಕ್ರವು ಎಡಬಲಕ್ಕೆ ತಿರುಗುವ ಅಕ್ಷವನ್ನು ಬದಿಯಿಂದ ನೋಡಿದಾಗ ಅದರ ಮೇಲ್ತುದಿ ಹಿಂದಕ್ಕೆ ವಾಲಿರುವುದು ಧನ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ ಇದೇ ಕಾರಣಕ್ಕೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವಂತೆ ಮಾಡುವುದರಲ್ಲಿ ಕ್ಯಾಸ್ಟರಿನ ಪಾಲು ದೊಡ್ಡದು. ಮೇಲಿನಿಂದ ನೋಡಿದಾಗ ಒಂದೇ ಆಕ್ಸಲ್‌ನ ಎರಡು ಚಕ್ರಗಳ ಮುಂಭಾಗಗಳು ಪರಸ್ಪರ ಹತ್ತಿರವಾಗಿದ್ದರೆ ಟೋ-ಇನ್, ದೂರವಾಗಿದ್ದರೆ ಟೋ-ಔಟ್. ಇವುಗಳ ಜೊತೆಗೆ, ಹೆಚ್ಚಿನ ಚಾಲಕರ ಗಮನಕ್ಕೆ ಬಾರದ ನಾಲ್ಕನೆಯದೊಂದಿದೆ: ಹಿಂದಿನ ಎರಡೂ ಚಕ್ರಗಳು ಒಟ್ಟಾಗಿ ಕಾರನ್ನು ಯಾವ ದಿಕ್ಕಿಗೆ ತಳ್ಳುತ್ತಿವೆ ಎಂಬುದು. ಇದನ್ನು ಥ್ರಸ್ಟ್ ಕೋನ ಎನ್ನುತ್ತಾರೆ. ಹಿಂಚಕ್ರಗಳು ಎಡಕ್ಕೆ ನೋಡುತ್ತಿದ್ದರೆ, ಕಾರು ನೇರವಾಗಿ ಸಾಗಲು ಮುಂಚಕ್ರಗಳನ್ನೂ ಅಷ್ಟೇ ಎಡಕ್ಕೆ ತಿರುಗಿಸಿ ಹಿಡಿಯಬೇಕಾಗುತ್ತದೆ. ಕಾರು ಏಡಿಯಂತೆ ಓರೆಯಾಗಿ ನಡೆಯುತ್ತದೆ, ಸ್ಟಿಯರಿಂಗ್ ಚಕ್ರ ಸೊಟ್ಟಗೆ ನಿಲ್ಲುತ್ತದೆ. ಸ್ಟಿಯರಿಂಗ್ ಸೊಟ್ಟಗಿದೆ ಎಂದು ಮುಂದಿನ ಟೈ ರಾಡ್‌ಗಳನ್ನಷ್ಟೇ (ಸ್ಟಿಯರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಸರಳುಗಳು) ತಿರುಗಿಸಿ ನೇರ ಮಾಡಿದರೆ ಲಕ್ಷಣ ಮರೆಯಾಗುತ್ತದೆ, ದೋಷ ಹಿಂದೆಯೇ ಉಳಿಯುತ್ತದೆ.

ಯಾವ ಕೋನವನ್ನು ಎಷ್ಟರಮಟ್ಟಿಗೆ ತಿದ್ದಬಹುದು ಎಂಬುದು ಕಾರಿನಿಂದ ಕಾರಿಗೆ ಬಹಳ ಬದಲಾಗುತ್ತದೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಲ್ಲಿ ನಾಲ್ಕೂ ಕಡೆ ಡಬಲ್ ವಿಷ್‌ಬೋನ್ (ಮೇಲೊಂದು ಕೆಳಗೊಂದು ಆರ್ಮ್ ಅಂದರೆ ತೋಳು ಚಕ್ರವನ್ನು ಹಿಡಿಯುವ ರಚನೆ) ಇದ್ದು, ಕೆಳಗಿನ ಆರ್ಮ್‌ಗಳ ಬುಡದಲ್ಲಿರುವ ಕ್ಯಾಮ್ ಬೋಲ್ಟ್‌ಗಳನ್ನು (ತಿರುಗಿಸಿದಾಗ ಆರ್ಮನ್ನು ಪಕ್ಕಕ್ಕೆ ಸರಿಸುವ ಬೋಲ್ಟ್‌ಗಳು) ತಿರುಗಿಸಿ ಮುಂದೆ ಕ್ಯಾಂಬರ್ ಮತ್ತು ಕ್ಯಾಸ್ಟರ್, ಹಿಂದೆ ಕ್ಯಾಂಬರ್ ಮತ್ತು ಟೋ ಹೊಂದಿಸಬಹುದು. ಈ ವಿಷಯದಲ್ಲಿ ಇಷ್ಟು ಉದಾರವಾದ ಕಾರುಗಳು ಕಡಿಮೆ. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಹಳೆಯ ಪೋರ್ಷೆ 911ರಲ್ಲಿ ಮುಂದಿನ ಸ್ಟ್ರಟ್‌ಗಳ (ಶಾಕ್ ಅಬ್ಸಾರ್ಬರನ್ನು ಒಳಗೊಂಡು ಚಕ್ರವನ್ನು ಹಿಡಿಯುವ ಕಂಬ) ಮೇಲ್ತುದಿ ಉದ್ದ ತೂತುಗಳಲ್ಲಿ ಜರುಗುತ್ತದೆ, ಹಿಂದಿನ ಕೋನಗಳು ಹಿಂದಿನ ತೋಳನ್ನು ಟಾರ್ಷನ್ ಬಾರಿಗೆ ಸೇರಿಸುವ ಸ್ಪ್ರಿಂಗ್ ಪ್ಲೇಟಿನ ಬಳಿ ಹೊಂದಿಕೆಯಾಗುತ್ತವೆ. 1963ರಿಂದ 1982ರವರೆಗಿನ ಷೆವರ್ಲೆ ಕಾರ್ವೆಟ್‌ನಲ್ಲಿ ಹಿಂದಿನ ಟೋ ಬದಲಿಸಲು ಟ್ರೇಲಿಂಗ್ ಆರ್ಮ್‌ನ (ಮುಂದಿನಿಂದ ಹಿಂದಕ್ಕೆ ಚಾಚಿ ಹಿಂಚಕ್ರವನ್ನು ಹಿಡಿಯುವ ತೋಳು) ಮುಂದಿನ ಕೀಲಿನ ಪಕ್ಕ ತೆಳು ತಗಡುಗಳನ್ನು ಸೇರಿಸಬೇಕು ಇಲ್ಲವೇ ತೆಗೆಯಬೇಕು. ಬಿಎಂಡಬ್ಲ್ಯೂ ಇ30ರ ಹಿಂದಿನ ಕ್ಯಾಂಬರಿಗೂ ಟೋಗೂ ಕಾರ್ಖಾನೆಯಿಂದ ಬರುವಾಗ ಯಾವ ಹೊಂದಿಕೆಯೂ ಇರುವುದಿಲ್ಲ. ಹೊಂದಿಕೆಯೇ ಇಲ್ಲದ ಕಡೆ ಕೋನ ತಪ್ಪಿದ್ದರೆ, ಅಲ್ಲಿ ಏನೋ ಸವೆದಿದೆ, ಕುಸಿದಿದೆ ಅಥವಾ ಬಾಗಿದೆ ಎಂದೇ ಅರ್ಥ. ಹುಡುಕುವವನಿಗೆ ಇದು ಒಂದು ರೀತಿಯಲ್ಲಿ ಅನುಕೂಲವೇ.

ಇನ್ನು ಕೈಪಿಡಿಯ ಅಂಕಿಗಳ ವಿಷಯ. 1962ರಿಂದ 1980ರವರೆಗೆ ತಯಾರಾದ ಎಂಜಿಬಿಯ ಮುಂಚಕ್ರಗಳಿಗೆ ಕಾರ್ಖಾನೆ ಸೂಚಿಸಿದ್ದು ಸುಮಾರು 1 ಡಿಗ್ರಿ ಧನ ಕ್ಯಾಂಬರ್ ಮತ್ತು ಸುಮಾರು 7 ಡಿಗ್ರಿ ಕ್ಯಾಸ್ಟರ್. ಅದು ಒಳಪದರಗಳನ್ನು ಓರೆಯಾಗಿ ಹೆಣೆದ ಹಳೆಯ ಬಗೆಯ ಕ್ರಾಸ್-ಪ್ಲೈ ಟೈರುಗಳ ಕಾಲದ ಆಲೋಚನೆ. ಇಂದಿನ ಅಗಲವಾದ ರೇಡಿಯಲ್ ಟೈರುಗಳಿಗೆ ಸೊನ್ನೆ ಅಥವಾ ಸ್ವಲ್ಪ ಋಣ ಕ್ಯಾಂಬರ್ ಹೆಚ್ಚು ಒಪ್ಪುತ್ತದೆ. ಕೈಪಿಡಿಯನ್ನು ಗೌರವಿಸಬೇಕು ನಿಜ, ಆದರೆ ಅದು ಯಾವ ಟೈರಿಗಾಗಿ ಬರೆದದ್ದು ಎಂಬುದನ್ನು ಮರೆಯಬಾರದು. ಅದರ ಜೊತೆಗೆ, ಹಳೆಯ ಕೈಪಿಡಿಗಳು ಕೋನಗಳನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ ಕೊಡುತ್ತವೆ. 60 ಮಿನಿಟು ಸೇರಿದರೆ 1 ಡಿಗ್ರಿ. ಹಾಗಾಗಿ 1 ಡಿಗ್ರಿ 30 ಮಿನಿಟು ಎಂದರೆ 1.5 ಡಿಗ್ರಿಯೇ ಹೊರತು 1.3 ಅಲ್ಲ. ಡಿಜಿಟಲ್ ಮಾಪಕ ಹಿಡಿದವರು ಇಲ್ಲಿ ಎಡವುವುದು ಸಾಮಾನ್ಯ.

ದೋಷ ಎಲ್ಲಿದೆ ಎಂಬ ಮೊದಲ ಸುಳಿವು ಸಿಗುವುದು ಟೈರುಗಳಲ್ಲಿ. ಟೈರಿನ ಒಂದೇ ಅಂಚು ನುಣುಪಾಗಿ ಸವೆದಿದ್ದರೆ ಕ್ಯಾಂಬರ್ ಅತಿಯಾಗಿರುವ ಸಂಭವ ಹೆಚ್ಚು. ಟೋ ತಪ್ಪಿದ್ದರೆ ಸವೆತದ ರೂಪವೇ ಬೇರೆ: ಪ್ರತಿ ಸಾಲಿನ ಒಂದು ಅಂಚು ಚೂಪಾಗಿ, ಇನ್ನೊಂದು ದುಂಡಾಗಿ, ಗರಗಸದ ಹಲ್ಲಿನಂತಾಗುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಇದು ಅಂಗೈಗೆ ಬೇಗ ತಿಳಿಯುತ್ತದೆ. ಅಂಗೈಯನ್ನು ಟೈರಿನ ಒಳಬದಿಯಿಂದ ಹೊರಬದಿಗೆ ಸವರಿದಾಗ ಚೂಪು ತಾಗಿ, ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪೆನಿಸಿದರೆ ಟೋ-ಇನ್ ಹೆಚ್ಚಾಗಿದೆ. ಇದರ ವಿರುದ್ಧವಾದರೆ ಟೋ-ಔಟ್. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಬಿದ್ದಿದ್ದರೆ ಅಲೈನ್‌ಮೆಂಟಿಗಿಂತ ಮೊದಲು ಶಾಕ್ ಅಬ್ಸಾರ್ಬರ್ ಮತ್ತು ಬೇರಿಂಗ್‌ಗಳನ್ನು ಶಂಕಿಸಬೇಕು. ಹಳೆಯ ಸ್ಪೋರ್ಟ್ಸ್ ಕಾರುಗಳು ವರ್ಷಕ್ಕೆ ಓಡುವ ದೂರ ಕಡಿಮೆಯಾದ್ದರಿಂದ ಟೈರ್ ಸವೆಯುವ ಮೊದಲೇ ಗಟ್ಟಿಯಾಗಿ ಮುಪ್ಪಾಗಿರುತ್ತದೆ. ಅಂಥ ಟೈರಿನ ಮೇಲಿನ ಗುರುತುಗಳು ಹಿಂದಿನ ಮಾಲೀಕನ ಕಾಲದ ದೋಷವನ್ನು ಹೇಳುತ್ತಿರಬಹುದು.

ಚಾಲನೆಯ ಲಕ್ಷಣಗಳನ್ನು ಒಂದರಿಂದ ಒಂದು ಬೇರ್ಪಡಿಸಿ ನೋಡುವುದು ಮುಖ್ಯ. ಕೈಬಿಟ್ಟರೆ ಕಾರು ಒಂದೇ ಬದಿಗೆ ಸರಿಯುವುದು ಎಳೆತ. ಕಾರು ನೇರ ಹೋಗುತ್ತಿದ್ದರೂ ಸ್ಟಿಯರಿಂಗ್ ಸೊಟ್ಟಗಿರುವುದು ಬೇರೆಯೇ ದೋಷ. ಎರಡೂ ಬದಿಗೆ ಗೊತ್ತುಗುರಿಯಿಲ್ಲದೆ ಅಲೆಯುವುದು ಮೂರನೆಯದು. ಎಡಬಲ ಕ್ಯಾಂಬರ್ ಬೇರೆಬೇರೆಯಾಗಿದ್ದರೆ ಕಾರು ಹೆಚ್ಚು ಧನ ಕ್ಯಾಂಬರ್ ಇರುವ ಕಡೆಗೆ ಎಳೆಯುತ್ತದೆ. ಕ್ಯಾಸ್ಟರ್ ಬೇರೆಬೇರೆಯಾಗಿದ್ದರೆ ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ. ಮುಂದಿನ ಟೋ ಸಾಮಾನ್ಯವಾಗಿ ಎಳೆತ ಉಂಟುಮಾಡುವುದಿಲ್ಲ, ಏಕೆಂದರೆ ಎರಡು ಚಕ್ರಗಳೂ ಸ್ಟಿಯರಿಂಗ್ ಮೂಲಕ ಜೋಡಣೆಗೊಂಡು ತಮ್ಮ ನಡುವೆ ಟೋವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಎಳೆತವೆಂದರೆ ಟೋ ಎಂದು ತಿಳಿದು ಟೈ ರಾಡ್ ತಿರುಗಿಸುವವರಿಗೆ ಗುಣ ಕಾಣದಿರುವುದು ಇದರಿಂದಲೇ. ಅಲೆದಾಟಕ್ಕೆ ಟೋ-ಔಟ್, ಕಡಿಮೆ ಕ್ಯಾಸ್ಟರ್, ಸವೆದ ಬಾಲ್ ಜಾಯಿಂಟ್ (ಗುಂಡಿನಂಥ ಕೀಲು), ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳಾದ ಸ್ಟಿಯರಿಂಗ್ ರ‍್ಯಾಕ್‌ನ ಸಡಿಲ ರಬ್ಬರ್ ಹಿಡಿಗಳು ಕಾರಣವಾಗಬಹುದು. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಬಿಗಿದ ಕ್ಯಾಲಿಪರ್ ಅಥವಾ ಕೆಳಗಿನ ಆರ್ಮ್‌ನ ಬುಶ್ ನೋಡಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಕಾರಿನ ಹಿಂಭಾಗ ತಾನೇ ತಿರುಗಿದಂತಾದರೆ ಹಿಂದಿನ ಬುಶ್‌ಗಳನ್ನು ತಡಮಾಡದೆ ನೋಡಬೇಕು. ಸೆಮಿ-ಟ್ರೇಲಿಂಗ್ ಆರ್ಮ್ (ಓರೆಯಾಗಿ ಹಿಂದಕ್ಕೆ ಚಾಚಿದ ತೋಳು) ಇರುವ ಕಾರುಗಳಲ್ಲಿ ಸವೆದ ಬುಶ್ ಹಿಂಚಕ್ರವನ್ನು ಟೋ-ಔಟ್‌ಗೆ ಜಾರಿಸುತ್ತದೆ, ತಿರುವಿನ ನಡುವೆ ಅದು ನಿಜಕ್ಕೂ ಅಪಾಯಕಾರಿ.

ಎಳೆತ ಕಂಡಾಗ ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಎರಡು ಸುಲಭ ಪರೀಕ್ಷೆಗಳಿವೆ. ರಸ್ತೆಗಳು ನೀರು ಹರಿಯಲೆಂದು ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ, ಇಳಿಜಾರು ವಿರುದ್ಧ ದಿಕ್ಕಿಗಿರುವ ಕಡೆಯೂ ಕಾರು ಅದೇ ಬದಿಗೆ ಎಳೆಯುತ್ತದೆಯೇ ನೋಡಬೇಕು. ಅನಂತರ, ಒಂದೇ ದಿಕ್ಕಿಗೆ ಉರುಳುವಂತೆ ಮಾಡಿದ ಟೈರುಗಳಲ್ಲದಿದ್ದರೆ, ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಬೇಕು. ಎಳೆತವೂ ಬದಿ ಬದಲಿಸಿದರೆ ದೋಷ ಟೈರಿನ ಒಳರಚನೆಯದು, ಸಸ್ಪೆನ್ಷನ್ನಿನದಲ್ಲ.

ಇಲ್ಲಿಂದ ಮುಂದೆ ಕಾರಿನ ಕೆಳಗಿನ ಕೆಲಸ. ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ (ಸಡಿಲ ಅಲುಗಾಟ) ಕಂಡರೆ, ಜೊತೆಗಾರನೊಬ್ಬ ಬ್ರೇಕ್ ಒತ್ತಿ ಹಿಡಿಯಲಿ: ಆಟ ಮಾಯವಾದರೆ ಅದು ಬೇರಿಂಗಿನದು, ಉಳಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್‌ನದು (ಚಕ್ರ ಎಡಬಲಕ್ಕೆ ತಿರುಗಲು ಅಕ್ಷವಾಗುವ ಸಲಾಕೆ). ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಕಾಣುವ ಆಟ ಬಹುಮಟ್ಟಿಗೆ ಟೈ ರಾಡ್ ತುದಿಯದು ಅಥವಾ ರ‍್ಯಾಕ್‌ನದು. ಜ್ಯಾಕ್ ಎಲ್ಲಿಗೆ ಕೊಡುತ್ತೇವೆ ಎಂಬುದರ ಮೇಲೆ ಪರೀಕ್ಷೆಯ ಫಲ ನಿಂತಿದೆ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕುಳಿತಿದ್ದರೆ ಆ ಆರ್ಮ್‌ಗೇ ಜ್ಯಾಕ್ ಕೊಡಬೇಕು. ಮೆಕ್‌ಫರ್ಸನ್ ಸ್ಟ್ರಟ್ ಆದರೆ ಚಾಸಿಗೆ ಕೊಡಬೇಕು. ಇಲ್ಲವಾದರೆ ಸ್ಪ್ರಿಂಗಿನ ಒತ್ತಡವೇ ಸವೆದ ಜಾಯಿಂಟನ್ನು ಬಿಗಿಹಿಡಿದು ಆಟವನ್ನು ಮುಚ್ಚಿಡುತ್ತದೆ. ಬುಶ್‌ಗಳನ್ನು ಕಣ್ಣಿನಿಂದ ನೋಡಿದರೆ ಸಾಲದು, ಉದ್ದ ಸನ್ನೆಕೋಲಿನಿಂದ ಮೆಲ್ಲಗೆ ಮೀಟಬೇಕು. ಹೊರಗಿನ ಸಣ್ಣ ಬಿರುಕುಗಳಿಂದ ತೊಂದರೆಯಿಲ್ಲ, ಒಳಗಿನ ಲೋಹದ ಕೊಳವೆ ರಬ್ಬರಿನಿಂದ ಕಳಚಿಕೊಂಡಿದ್ದರೆ ಮಾತ್ರ ಅದರ ಆಯುಸ್ಸು ಮುಗಿದಿದೆ. ಎಂಜಿಬಿಯಂಥ ಕಾರಿನಲ್ಲಿ ಇನ್ನೊಂದು ವಿಶೇಷವಿದೆ: ಮುಂದಿನ ಲಿವರ್ ಮಾದರಿಯ ಶಾಕ್ ಅಬ್ಸಾರ್ಬರಿನ ತೋಳೇ ಮೇಲಿನ ವಿಷ್‌ಬೋನ್ ಕೂಡ. ಅದರ ಅಕ್ಷ ಸವೆದರೆ ಎಣ್ಣೆ ಸೋರುವುದಲ್ಲದೆ ಕ್ಯಾಂಬರ್ ಕೂಡ ಅಲುಗಾಡುತ್ತದೆ. ಸಸ್ಪೆನ್ಷನ್ನನ್ನು ಹೊತ್ತ ಚೌಕಟ್ಟಾದ ಸಬ್‌ಫ್ರೇಮ್ ಕೂರುವ ಜಾಗಗಳಲ್ಲಿ, ಆರ್ಮ್‌ಗಳ ಕೊಂಡಿಗಳಲ್ಲಿ ತುಕ್ಕು ಹಿಡಿದಿದ್ದರೆ ಅಲೈನ್‌ಮೆಂಟಿನ ಮಾತನ್ನು ಅಲ್ಲಿಗೇ ನಿಲ್ಲಿಸಿ ವೆಲ್ಡಿಂಗ್ ಮಾಡಬಲ್ಲವರನ್ನು ಹುಡುಕಬೇಕು.

ಎಲ್ಲ ಕೀಲುಗಳೂ ಗಟ್ಟಿಯಾಗಿವೆ ಎಂದಾದ ಮೇಲೆ ಎತ್ತರ. ಬಿಡಿ ಸಸ್ಪೆನ್ಷನ್ (ಪ್ರತಿ ಚಕ್ರವೂ ಸ್ವತಂತ್ರವಾಗಿ ಮೇಲೆ ಕೆಳಗೆ ಚಲಿಸುವ ರಚನೆ) ಇರುವ ಕಾರುಗಳಲ್ಲಿ ಚಕ್ರ ಮೇಲೆ ಕೆಳಗೆ ಚಲಿಸಿದಂತೆ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ. ಹಾಗಾಗಿ ಕಾರ್ಖಾನೆ ಕೊಟ್ಟ ಕೋನಗಳು ಒಂದು ನಿರ್ದಿಷ್ಟ ಎತ್ತರಕ್ಕೆ ಮಾತ್ರ ಸಲ್ಲುತ್ತವೆ. ಜಾಗ್ವಾರ್ ಇ-ಟೈಪ್‌ನ ಹಿಂದಿನ ಕ್ಯಾಂಬರ್ ನೋಡುವ ಮುನ್ನ ಸಸ್ಪೆನ್ಷನ್ನನ್ನು ಗೊತ್ತಾದ ಉದ್ದದ ಕೊಂಡಿಗಳಿಂದ ಕಟ್ಟಿ ಒಂದೇ ಎತ್ತರದಲ್ಲಿ ನಿಲ್ಲಿಸಬೇಕೆಂದು ಕೈಪಿಡಿ ಹೇಳುವುದು ಇದಕ್ಕಾಗಿಯೇ. ಹಳೆಯ ಸ್ಪ್ರಿಂಗುಗಳು ಕುಸಿದಿರುತ್ತವೆ, ಅದೂ ಎರಡು ಬದಿಗೆ ಸಮನಾಗಿ ಅಲ್ಲ. ಎತ್ತರವನ್ನು ನೆಲದಿಂದ ಅಳೆದರೆ ಟೈರಿನ ಸವೆತವೂ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಕಮಾನಿನ ಅಂಚಿನವರೆಗೆ ಅಳೆಯುವುದು ಮೇಲು, ಕಮಾನು ಹಿಂದೆಂದೋ ದುರಸ್ತಿ ಕಂಡಿಲ್ಲ ಎಂಬ ಖಾತರಿ ಇದ್ದರೆ. ಅರ್ಧ ಟ್ಯಾಂಕ್ ಇಂಧನ ತುಂಬಿಸಿ, ಚಾಲಕನ ಸೀಟಿನಲ್ಲಿ ಅವನಷ್ಟೇ ತೂಕ ಇಟ್ಟು ಅಳೆಯುವುದು ಹಗುರ ಕಾರುಗಳಲ್ಲಿ ಅತಿಶಯದ ಕಾಳಜಿಯೇನಲ್ಲ.

ಅಳತೆಗೆ ದುಬಾರಿ ಯಂತ್ರ ಬೇಕೆಂದೇನಿಲ್ಲ. ಸಮತಟ್ಟಾದ ನೆಲ, ಎರಡು ದಾರ, ಉಕ್ಕಿನ ಅಳತೆಪಟ್ಟಿ, ಕೋನ ತೋರಿಸುವ ಡಿಜಿಟಲ್ ಮಾಪಕ ಸಾಕು. ಇವುಗಳಲ್ಲಿ ಸಿಗುವುದು ಕಷ್ಟವಾದದ್ದು ಸಮತಟ್ಟಾದ ನೆಲವೇ. ಎಡಬಲ ಚಕ್ರಗಳ ನಡುವೆ 1400 ಮಿಲಿಮೀಟರ್ ಅಂತರವಿರುವ ಕಾರಿನಲ್ಲಿ ನೆಲ ಒಂದು ಬದಿಗೆ 10 ಮಿಲಿಮೀಟರ್ ತಗ್ಗಾಗಿದ್ದರೆ ಕ್ಯಾಂಬರ್ ಅಳತೆಯಲ್ಲಿ ಸುಮಾರು 0.4 ಡಿಗ್ರಿ ತಪ್ಪು ಬರುತ್ತದೆ. ತೆಳು ಹಲಗೆಗಳನ್ನು ಚಕ್ರದಡಿ ಇಟ್ಟು ಇದನ್ನು ಸರಿದೂಗಿಸಬಹುದು. ಜ್ಯಾಕ್ ಇಳಿಸಿದ ಮೇಲೆ ಟೈರುಗಳು ನೆಲಕ್ಕೆ ಅಂಟಿಕೊಂಡು ಸಸ್ಪೆನ್ಷನ್ನನ್ನು ಹಿಡಿದಿಟ್ಟಿರುತ್ತವೆ; ಕಾರನ್ನು ಕೆಲವು ಅಡಿ ಹಿಂದೆ ಮುಂದೆ ಉರುಳಿಸಿ, ಮೂಲೆಗಳನ್ನು ಒತ್ತಿ ಬಿಟ್ಟ ಮೇಲಷ್ಟೇ ಅಳೆಯಬೇಕು.

ಕಾರಿನ ಎರಡೂ ಬದಿಗೆ ಚಕ್ರದ ನಡುಮಟ್ಟದಲ್ಲಿ ದಾರಗಳನ್ನು ಎಳೆದು, ಅವು ಪರಸ್ಪರ ಸಮಾನಾಂತರವಾಗಿರುವಂತೆಯೂ, ಮುಂದಿನ ಎರಡು ಹಬ್‌ಗಳಿಂದ ತಮ್ಮತಮ್ಮ ದಾರಕ್ಕೆ ಸಮ ಅಂತರ, ಹಿಂದಿನ ಎರಡರಿಂದಲೂ ಸಮ ಅಂತರ ಇರುವಂತೆಯೂ ಹೊಂದಿಸಬೇಕು. ಮುಂದಿನ ಮತ್ತು ಹಿಂದಿನ ಟ್ರ್ಯಾಕ್ ಅಗಲ (ಎಡಬಲ ಚಕ್ರಗಳ ನಡುವಿನ ಅಂತರ) ಬೇರೆಯಾಗಿರಬಹುದಾದ್ದರಿಂದ ಮುಂದಿನ ಅಂತರವೂ ಹಿಂದಿನ ಅಂತರವೂ ಒಂದೇ ಆಗಬೇಕಾಗಿಲ್ಲ. ಅನಂತರ ಪ್ರತಿ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ದಾರದಿಂದ ಇರುವ ದೂರ ಅಳೆದರೆ ಆ ಚಕ್ರದ ಟೋ ಸಿಗುತ್ತದೆ. ರಿಮ್ಮಿನ ವ್ಯಾಸ 400 ಮಿಲಿಮೀಟರ್ ಆಗಿದ್ದರೆ 1 ಮಿಲಿಮೀಟರ್ ವ್ಯತ್ಯಾಸ ಎಂದರೆ ಕೋನದಲ್ಲಿ 8.6 ಮಿನಿಟು, ಅದೇ ರಿಮ್ಮಿನಲ್ಲಿ 1 ಡಿಗ್ರಿ ಕ್ಯಾಂಬರ್ ಎಂದರೆ ಮೇಲಿನ ಮತ್ತು ಕೆಳಗಿನ ಅಂಚುಗಳ ನಡುವೆ ಸುಮಾರು 7 ಮಿಲಿಮೀಟರ್. ದಾರದ ವಿಧಾನದ ದೊಡ್ಡ ಗುಣವೆಂದರೆ ಪ್ರತಿ ಚಕ್ರದ ಟೋ ಬೇರೆಬೇರೆಯಾಗಿ ತಿಳಿಯುವುದು. ಹಿಂದಿನ ಎಡ ಮತ್ತು ಬಲ ಟೋಗಳ ವ್ಯತ್ಯಾಸದ ಅರ್ಧವೇ ಥ್ರಸ್ಟ್ ಕೋನ. ಕ್ಯಾಸ್ಟರನ್ನು ನೇರವಾಗಿ ಅಳೆಯಲಾಗದು. ಚಕ್ರವನ್ನು 20 ಡಿಗ್ರಿ ಹೊರಕ್ಕೆ ತಿರುಗಿಸಿದಾಗಿನ ಕ್ಯಾಂಬರ್ ಮತ್ತು 20 ಡಿಗ್ರಿ ಒಳಕ್ಕೆ ತಿರುಗಿಸಿದಾಗಿನ ಕ್ಯಾಂಬರ್ ಇವುಗಳ ವ್ಯತ್ಯಾಸವನ್ನು ಸುಮಾರು ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್ ಬರುತ್ತದೆ.

ಅಂಕಿಗಳು ಕೈಗೆ ಬಂದ ಮೇಲೆ, ತಿದ್ದುವ ಮೊದಲು ಅವು ಏನು ಹೇಳುತ್ತಿವೆ ಎಂದು ಯೋಚಿಸಬೇಕು. ಒಂದು ಬದಿಯ ಕ್ಯಾಂಬರ್ ಇನ್ನೊಂದು ಬದಿಗಿಂತ ಒಂದು ಡಿಗ್ರಿಗೂ ಹೆಚ್ಚು ಬೇರೆಯಾಗಿದ್ದರೆ, ಹೊಂದಿಕೆಯ ಬೋಲ್ಟನ್ನು ಕೊನೆಯವರೆಗೆ ತಿರುಗಿಸಿ ಸಮ ಮಾಡುವುದು ಸುಲಭ. ಆದರೆ ಅದು ಏಕೆ ತಪ್ಪಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇಲ್ಲಿ ನೆರವಿಗೆ ಬರುವುದು ಎದುರಿನಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷ ಒಳಕ್ಕೆ ವಾಲಿರುವ ಕೋನ. ಇದನ್ನೂ ಕ್ಯಾಂಬರನ್ನೂ ಕೂಡಿಸಿದಾಗ ಬರುವ ಮೊತ್ತ ಹಬ್ ಮತ್ತು ಅದನ್ನು ಹೊತ್ತ ಭಾಗದ ಆಕಾರವನ್ನಷ್ಟೇ ಅವಲಂಬಿಸಿರುತ್ತದೆ. ಎರಡೂ ಬದಿಗೆ ಮೊತ್ತ ಒಂದೇ ಆಗಿದ್ದು ಕ್ಯಾಂಬರ್ ಮಾತ್ರ ಬೇರೆಯಾಗಿದ್ದರೆ ಹಬ್ ಸರಿಯಿದೆ. ಸ್ಟ್ರಟ್ ಟವರ್, ಸಬ್‌ಫ್ರೇಮ್ ಅಥವಾ ಕೆಳಗಿನ ಆರ್ಮ್ ತನ್ನ ಸ್ಥಾನ ತಪ್ಪಿದೆ. ಮೊತ್ತವೇ ಬೇರೆಯಾಗಿದ್ದರೆ ಸ್ಪಿಂಡಲ್ ಅಥವಾ ಸ್ಟ್ರಟ್ ಬಾಗಿದೆ, ಅದನ್ನು ಬದಲಿಸದೆ ಗತಿಯಿಲ್ಲ. ಹಲವು ಮಾಲೀಕರನ್ನು ಕಂಡ ಸ್ಪೋರ್ಟ್ಸ್ ಕಾರು ಎಂದೋ ಒಮ್ಮೆ ಗುಂಡಿಗೋ ಕಟ್ಟೆಗೋ ಬಡಿದಿರುವುದು ಬಹಳ ಸಂಭವನೀಯ. ಹೊಳೆಯುವ ಬಣ್ಣದ ಕೆಳಗೆ ಅಡಗಿದ ಅಂಥ ಪೆಟ್ಟನ್ನು ಈ ಒಂದು ಕೂಡಿಕೆ ಬಯಲಿಗೆ ತರುತ್ತದೆ.

ತಿದ್ದುವ ಕೆಲಸದಲ್ಲಿ ಮೊದಲ ಎದುರಾಳಿ ತುಕ್ಕು. ಎಂಎಕ್ಸ್-5ರ ಕ್ಯಾಮ್ ಬೋಲ್ಟ್‌ಗಳು ಬುಶ್‌ನ ಒಳಗಿನ ಉಕ್ಕಿನ ಕೊಳವೆಗೆ ಅಂಟಿಕೊಳ್ಳುವುದು ಪ್ರಸಿದ್ಧ. ನಟ್ ಸಡಿಲವಾಗುತ್ತದೆ, ಬೋಲ್ಟ್ ಮಾತ್ರ ರಬ್ಬರನ್ನೂ ತಿರುಚಿಕೊಂಡು ತಿರುಗಿ ಮತ್ತೆ ಹಿಂದಕ್ಕೆ ಬರುತ್ತದೆ. ಇದನ್ನು ಗಮನಿಸದೆ ನಟ್ ಬಿಗಿದರೆ ಹೊಂದಿಕೆ ಕೆಲವೇ ದಿನಗಳಲ್ಲಿ ಜಾರುತ್ತದೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಹಲವು ದಿನ ಮೊದಲಿನಿಂದ ಹಾಕುತ್ತ ಬರುವುದು ಒಳ್ಳೆಯದು. ಬೆಂಕಿಯ ಶಾಖ ಕೊಟ್ಟರೆ ರಬ್ಬರ್ ಸುಡುತ್ತದೆ. ಬುಶ್ ಹೇಗೂ ಬದಲಾಗಲಿದೆ ಎಂದಾದರೆ ಕೊಳವೆ ಮತ್ತು ಕೊಂಡಿಯ ನಡುವಿನ ಸಂದಿಯಲ್ಲಿ ಬೋಲ್ಟನ್ನು ಎರಡೂ ಕಡೆ ಕತ್ತರಿಸಿ ತೆಗೆಯುವುದೇ ಹೆಚ್ಚು ನಯವಾದ ದಾರಿ. ಹೊಸ ಬೋಲ್ಟಿನ ನಡುದಂಡಕ್ಕೆ ತುಕ್ಕು ತಡೆಯುವ ಗ್ರೀಸ್ ಸವರಬೇಕು. ಬೋಲ್ಟಿನ ತಿರುಪಿನ ಎಳೆಗಳಿಗೆ ಸವರಿದರೆ ಅದೇ ಟಾರ್ಕ್‌ನಲ್ಲಿ ಬೋಲ್ಟ್ ಹೆಚ್ಚು ಬಿಗಿಯಾಗುತ್ತದೆ ಎಂಬುದು ನೆನಪಿರಲಿ.

ಬುಶ್ ಬದಲಿಸಿದವರು ಮಾಡುವ ಸಾಮಾನ್ಯ ತಪ್ಪು, ಕಾರು ಜ್ಯಾಕ್ ಮೇಲೆ ತೂಗಾಡುತ್ತಿರುವಾಗಲೇ ಬೋಲ್ಟ್ ಬಿಗಿಯುವುದು. ರಬ್ಬರ್ ಬುಶ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಕೆಳಗೆ ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದಾಗ ಎಲ್ಲ ಬುಶ್‌ಗಳೂ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತವೆ: ಕಾರು ಇರಬೇಕಾದುದಕ್ಕಿಂತ ಎತ್ತರ ನಿಲ್ಲುತ್ತದೆ, ಸವಾರಿ ಒರಟಾಗುತ್ತದೆ, ರಬ್ಬರ್ ಬೇಗ ಹರಿಯುತ್ತದೆ. ಚಕ್ರಗಳ ಮೇಲೆ ಪೂರ್ತಿ ಭಾರ ಬಿದ್ದಾಗಲೇ ಕೊನೆಯ ಬಿಗಿತ. ಪಾಲಿಯುರಿಥೇನ್ ಬುಶ್‌ಗಳು ಕೊಳವೆಯ ಸುತ್ತ ತಿರುಗುವುದರಿಂದ ಅವುಗಳಿಗೆ ಈ ತೊಂದರೆಯಿಲ್ಲ, ಆದರೆ ಗ್ರೀಸ್ ಬೇಕು, ಸದ್ದು ಹೆಚ್ಚು. ರಸ್ತೆಯಲ್ಲೇ ಓಡುವ ಹಳೆಯ ಕಾರಿಗೆ ಒಳ್ಳೆಯ ರಬ್ಬರೇ ಸಾಕು ಎಂಬುದು ನನ್ನ ಅಭಿಪ್ರಾಯ. ಗಟ್ಟಿ ಬುಶ್ ಹಾಕಿ ಕಾರಿನ ಸ್ವಭಾವವನ್ನೇ ಕೆಡಿಸಿಕೊಂಡವರು ಕಡಿಮೆಯಿಲ್ಲ.

ಹೊಂದಿಕೆ ಹಿಂದಿನಿಂದ ಮುಂದಕ್ಕೆ ಸಾಗಬೇಕು. ಮೊದಲು ಹಿಂದಿನ ಕ್ಯಾಂಬರ್ ಮತ್ತು ಟೋ, ಅನಂತರ ಮುಂದಿನ ಕ್ಯಾಸ್ಟರ್, ಆಮೇಲೆ ಕ್ಯಾಂಬರ್, ಎಲ್ಲಕ್ಕೂ ಕೊನೆಗೆ ಮುಂದಿನ ಟೋ. ಕ್ಯಾಂಬರ್ ಬದಲಿಸಿದರೆ ಟೋ ಬದಲಾಗುತ್ತದೆ, ಟೋ ಬದಲಿಸಿದರೆ ಕ್ಯಾಂಬರ್ ಹೆಚ್ಚೇನೂ ಕದಲುವುದಿಲ್ಲ. ಈ ಅನುಕ್ರಮಕ್ಕೆ ಇಷ್ಟೇ ಕಾರಣ. ರೇಡಿಯಲ್ ಟೈರುಗಳಿರುವ, ಎಂಜಿನ್ ಮುಂದಿದ್ದು ಹಿಂಚಕ್ರಗಳನ್ನು ಓಡಿಸುವ ಹಗುರ ಕಾರಿಗೆ, ಹೊಂದಿಕೆಗೆ ಅವಕಾಶವಿದ್ದರೆ, ಮುಂದೆ ಅರ್ಧದಿಂದ ಒಂದು ಡಿಗ್ರಿ, ಹಿಂದೆ ಒಂದರಿಂದ ಒಂದೂವರೆ ಡಿಗ್ರಿ ಋಣ ಕ್ಯಾಂಬರ್. ಮುಂದೆ ಸೊನ್ನೆಯಿಂದ 2 ಮಿಲಿಮೀಟರ್, ಹಿಂದೆ 2ರಿಂದ 3 ಮಿಲಿಮೀಟರ್ ಒಟ್ಟು ಟೋ-ಇನ್ ಸಮಂಜಸವಾದ ಆರಂಭ. ಚಲಿಸುವಾಗ ನೆಲದ ಎಳೆತ ಓಡಿಸಿಕೊಳ್ಳದ ಮುಂಚಕ್ರಗಳನ್ನು ಟೋ-ಔಟ್ ಕಡೆಗೆ ತಳ್ಳುವುದರಿಂದ ನಿಂತಾಗ ಸ್ವಲ್ಪ ಟೋ-ಇನ್ ಕೊಡುತ್ತಾರೆ. ಎಡಬಲ ಕ್ಯಾಂಬರ್ ವ್ಯತ್ಯಾಸವೂ ಕ್ಯಾಸ್ಟರ್ ವ್ಯತ್ಯಾಸವೂ ಅರ್ಧ ಡಿಗ್ರಿ ಮೀರದಿರಲಿ; ಅಂಕಿ ಎಷ್ಟು ಎಂಬುದಕ್ಕಿಂತ ಎರಡು ಬದಿಗೆ ಸಮನಾಗಿರುವುದು ಹೆಚ್ಚು ಮುಖ್ಯ. ಮುಂದಿನ ಟೋ ಹೊಂದಿಸುವ ಮುನ್ನ ಸ್ಟಿಯರಿಂಗ್ ರ‍್ಯಾಕನ್ನು ಅದರ ಚಲನೆಯ ನಿಜವಾದ ನಡುಬಿಂದುವಿಗೆ ತಂದು ಸ್ಟಿಯರಿಂಗ್ ಚಕ್ರವನ್ನು ಕಟ್ಟಿಹಾಕಬೇಕು, ಎರಡೂ ಟೈ ರಾಡ್‌ಗಳನ್ನು ಸಮನಾಗಿ ತಿರುಗಿಸಬೇಕು.

ಕಾರನ್ನು ತಗ್ಗಿಸಿದ್ದರೆ ಇನ್ನೊಂದು ತೊಡಕು ಕಾದಿರುತ್ತದೆ. ಟೈ ರಾಡ್ ಮತ್ತು ಕೆಳಗಿನ ಆರ್ಮ್ ಒಂದೇ ಬಗೆಯ ಕಂಸದಲ್ಲಿ ಚಲಿಸದಿದ್ದರೆ, ಉಬ್ಬುತಗ್ಗಿನಲ್ಲಿ ಚಕ್ರ ತಾನಾಗಿಯೇ ಎಡಬಲಕ್ಕೆ ತಿರುಗುತ್ತದೆ. ಇದೇ ಬಂಪ್ ಸ್ಟಿಯರ್. ನಿಂತ ಕಾರಿನಲ್ಲಿ ಟೋ ಎಷ್ಟೇ ಕರಾರುವಾಕ್ಕಾಗಿದ್ದರೂ ರಸ್ತೆಯಲ್ಲಿ ಕಾರು ಚಡಪಡಿಸುತ್ತದೆ. ಪತ್ತೆಗೆ ಸ್ಪ್ರಿಂಗ್ ತೆಗೆದು, ಹಬ್ಬನ್ನು ಜ್ಯಾಕ್‌ನಿಂದ 10 ಮಿಲಿಮೀಟರಿನಂತೆ ಮೇಲೆತ್ತುತ್ತ ಪ್ರತಿ ಹಂತದಲ್ಲೂ ಟೋ ಗುರುತು ಹಾಕಿಕೊಳ್ಳಬೇಕು. ಬದಲಾವಣೆ ಹೆಚ್ಚಿದ್ದರೆ ರ‍್ಯಾಕ್‌ನ ಎತ್ತರವನ್ನು ತಗಡುಗಳಿಂದ ಅಥವಾ ಟೈ ರಾಡಿನ ಹೊರತುದಿಯ ಎತ್ತರವನ್ನು ಬಿಲ್ಲೆಗಳಿಂದ ಬದಲಿಸಬೇಕು. ಕಾರನ್ನು ಮತ್ತೆ ಮೂಲ ಎತ್ತರಕ್ಕೆ ಏರಿಸುವುದು ಇದಕ್ಕಿಂತ ಅಗ್ಗದ ಪರಿಹಾರ, ಆದರೆ ಆ ಸಲಹೆಯನ್ನು ಸಂತೋಷದಿಂದ ಸ್ವೀಕರಿಸುವ ಮಾಲೀಕರು ವಿರಳ.

ಕೆಲಸ ಮುಗಿದ ಮೇಲೆ ಮೊದಲ ಚಾಲನೆ ನಿಧಾನವಾಗಿರಲಿ, ಪ್ರತಿ ಕ್ಯಾಮ್ ಬೋಲ್ಟಿನ ತಲೆಯ ಸ್ಥಾನಕ್ಕೆ ಬಣ್ಣದ ಗೆರೆ ಎಳೆದಿರಲಿ. ಹೊಸ ಬುಶ್‌ಗಳೂ ಸ್ಪ್ರಿಂಗ್‌ಗಳೂ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ತುಸು ಕುಳಿತುಕೊಳ್ಳುತ್ತವೆ. ಆಗ ಎತ್ತರವನ್ನೂ ಟೋವನ್ನೂ ಇನ್ನೊಮ್ಮೆ ಅಳೆದು, ಗೆರೆಗಳು ಅಲ್ಲಿಯೇ ಇವೆಯೇ ಎಂದು ನೋಡಬೇಕು. ಗೆರೆ ಕದಲದೆ ಟೋ ಮಾತ್ರ ಬದಲಾಗಿದ್ದರೆ ಸ್ಪ್ರಿಂಗ್ ಕುಳಿತಿದೆ, ಮರುಹೊಂದಿಕೆ ಸಾಕು; ಗೆರೆಯೇ ಕದಲಿದ್ದರೆ ಆ ಬೋಲ್ಟಿನ ಕೊಂಡಿ ಸವೆದಿದೆ ಅಥವಾ ಅದು ಸರಿಯಾದ ಟಾರ್ಕ್‌ಗೆ ಬಿಗಿದಿಲ್ಲ.